ಅವ್ವ ಹೇಳಿ ಬರೆಸಿದ ಪತ್ರಗಳು

ನಮ್ಮ ಓಣಿಯಲ್ಲಿ ನನಗೊಂದು ಕೆಟ್ಟ ಹೆಸರಿದೆ. ಈ ಟೀಚರ್‌ಬಾಯಿ ಬೆಳಗಾವಿಯ ಕಾನ್ವೆಂಟಿನಲ್ಲಿ ಬೆಳೆದಾಕಿ, ಕಿತ್ತೂರಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದಾಕಿ, ಅಕ್ಷರ ನೋಡಿದರೆ ಅಚ್ಚು ಹಾಕಿದಂಗ, ಆದರೆ ಯಾರಿಗೂ ಎರಡು ಸಾಲಿನ ಪತ್ರ ಬರೆದು ಕೊಡೋದಿಲ್ಲ ಅಂತ. ಹೆಸರು ಸುಳ್ಳಲ್ಲ. ಬ್ಯಾಂಕಿನ ಫಾರ್ಮ್ ತಂದರೆ ತುಂಬಿ ಕೊಡುತ್ತೇನೆ. ಹೆಸರು, ಊರು, ವಯಸ್ಸು, ಅದರಲ್ಲೇನೂ ತೊಂದರೆ ಇಲ್ಲ. "ಬಾಯಾರ, ನನ್ನ ಮಗಳಿಗೆ ಒಂದೀಟ ಬರೀರಿ" ಅಂದರೆ ಮಾತ್ರ ನನ್ನ ಬೆರಳು ಸೆಟೆದು ನಿಲ್ಲುತ್ತವೆ.

ಹೋದ ವಾರ ಮಗ್ಗಲ ಮನೆಯ ಕಸ್ತೂರೆವ್ವ ಫೋನು ಹಿಡಕೊಂಡು ಬಂದಳು. ಯರಗಟ್ಟಿಗೆ ಕೊಟ್ಟ ಮಗಳು ಜಗಳಾಡಿ ಹೋಗಿ ಮೂರು ವಾರ ಆಯಿತಂತೆ, ಫೋನು ಎತ್ತುತ್ತಿಲ್ಲವಂತೆ.

"ಮೆಸೇಜ್ ಬರದ ಹಾಕ್ರಿ ಬಾಯಾರ. ನೀವು ಬರದ್ರ ಚಂದ ಬರತೈತಿ."

"ಏನಂತ ಬರೀಲಿ?"

"ಅವ್ವಗ ಏನೂ ಸಿಟ್ಟಿಲ್ಲ, ಬಾ ಅಂತ ಬರೀರಿ."

"ಸಿಟ್ಟ ಐತೋ ಇಲ್ಲೋ?"

"ಐತ್ರೀ! ಇಲ್ಲದ ಏನ? ಮೈಯೆಲ್ಲಾ ಸಿಟ್ಟ ಐತಿ. ಆದ್ರ ಬರಿಯೂದು ಹಂಗ ಬರಿಯೂದಲ್ಲೇನ್ರೀ?"

ನಾನು ಫೋನು ಅವಳ ಕೈಗೆ ವಾಪಸ್ ಕೊಟ್ಟೆ. ಅವಳು ಮೆಟ್ಟಿಲು ಇಳಿಯುವಾಗ, ನನಗೆ ಕೇಳಲಿ ಅಂತಲೇ, "ಸಾಲಿ ಕಲತವ್ರ ಸೊಕ್ಕ ಬ್ಯಾರೆನ ಇರತೈತವಾ" ಅಂದಳು. ಅನ್ನಲಿ. ಓಣಿಗೆಲ್ಲ ಎಕ್ಸ್‌ಪ್ಲನೇಶನ್ ಕೊಡುತ್ತ ಕೂಡೋ ವಯಸ್ಸಲ್ಲ ನನ್ನದು. ಆದರೆ ನೀವು ಇಷ್ಟು ಓದಿದ್ದೀರಿ, ನಿಮಗೆ ಹೇಳದೆ ಬಿಟ್ಟರೆ ಮ್ಯಾನರ್ಸ್ ಅಲ್ಲ.

ನಾನು ಎಪ್ಪತ್ತರ ದಶಕದ ನಡುವೆ ಒಂದು ವರ್ಷ ಮೆಕ್ಸಿಕೋ ದೇಶದಲ್ಲಿ ಓದಿದವಳು. ಹೀಗಂದರೆ ಈಗಲೂ ಜನ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡುತ್ತಾರೆ. ಬೈಲಹೊಂಗಲದ ಹತ್ತಿ ವ್ಯಾಪಾರಸ್ಥರ ಮನೆಯ ಹುಡುಗಿ ಅಲ್ಲಿಗೆ ಹ್ಯಾಗೆ ಹೋದಳು? ಕಾನ್ವೆಂಟಿನಲ್ಲಿ ನಮಗೆ ಸಿಸ್ಟರ್ ಇನೆಸ್ ಅಂತ ಒಬ್ಬರಿದ್ದರು. ಗಿಡ್ಡ ಮೈ, ಗಂಡು ದನಿ. ಅವರ ಊರು ಗ್ವಾನಾಹ್ವಾತೊ. ಬೆಳ್ಳಿ ಗಣಿಯ ಮೇಲೆ ಎದ್ದ, ನಾಲ್ಕು ನೂರು ವರ್ಷದ ಹಳೇ ಪಟ್ಟಣ. ನನ್ನ ಬಿ.ಎ. ಮುಗಿದ ಮೇಲೆ ಅವರೇ ಯಾರು ಯಾರಿಗೋ ಬರೆದು, ಅಲ್ಲಿಯ ಯೂನಿವರ್ಸಿಟಿಯಲ್ಲಿ ಒಂದು ವರ್ಷ ಸ್ಪ್ಯಾನಿಶ್ ಕಲಿಯುವ ಸ್ಕಾಲರ್‌ಶಿಪ್ ಕೊಡಿಸಿದರು. ತಿರುಗಿ ಬಂದು ಕಾನ್ವೆಂಟಿನಲ್ಲಿ ಕಲಿಸಬೇಕು ಅಂತ ಅವರ ಪ್ಲ್ಯಾನು.

ಅವ್ವನ ಪ್ಲ್ಯಾನು ಬೇರೆ ಇತ್ತು. ಅವಳ ತವರು ರಾಮದುರ್ಗ. ಅಲ್ಲಿ ಅವಳ ತಮ್ಮನ ಮಗನಿಗೆ ನನ್ನನ್ನು ಕೊಡುವುದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ನಾನು ಹೋಗುತ್ತೇನೆ ಅಂದ ದಿನ ಅವಳಿಗೆ ತವರಿನ ಬಾಗಿಲು ಮುಚ್ಚಿದಂತಾಯಿತು. ಅಪ್ಪ ತೀರಿ ವರ್ಷಗಳಾಗಿದ್ದವು. ಮನೆಯ ಯಜಮಾನ ಅಣ್ಣ. ಅವನು "ಹೋಗಲಿ ಬಿಡು, ಒಂದ ವರ್ಷ" ಅಂದ. ನಾನು ಹೊರಡುವ ದಿನ ಅವ್ವ ಅಡಿಗೆಮನೆಯಲ್ಲಿ ಮೊರದ ಮುಂದೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಕಾಲು ಮುಟ್ಟಿದೆ. ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ, ಅಷ್ಟೇ ನನ್ನ ಭಾಗ್ಯ.

"ಅವ್ವಾ, ಹೋಗಿ ಬರತೇನಿ. ಹೂಂ ಅನ್ನು."

"ಹೋಗಾಕಿ ಹೋಗು. ನನ್ನ ಬಾಯಿಲೆ ಯಾಕ ಅನಸ್ತಿ?"

ಸಿಪ್ಪೆ ಒಡೆಯುವ ಚಟ್ ಚಟ್ ಸದ್ದು ಅಂಗಳದ ತನಕ ಕೇಳಿಸಿತು. ಬಸ್‌ಸ್ಟ್ಯಾಂಡಿಗೆ ವೈನಿ ಬಂದರು, ಅವ್ವ ಬರಲಿಲ್ಲ.

ಗಂಗಾ ವೈನಿ ನನ್ನ ಅಣ್ಣನ ಹೆಂಡತಿ. ಸವದತ್ತಿಯವರು. ಏಳನೇತ್ತಾ ಪರೀಕ್ಷೆಯಲ್ಲಿ ಇಡೀ ತಾಲೂಕಿಗೆ ಮೊದಲು ಬಂದವರು. ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗಬೇಕು ಅಂತ ಟ್ರಂಕು ಸಹ ಕಟ್ಟಿದ್ದರಂತೆ, ಅಷ್ಟರಲ್ಲಿ ನಮ್ಮ ಅಣ್ಣನ ಸಂಬಂಧ ಬಂತು. ಆ ಟ್ರಂಕು ತಗೊಂಡೇ ನಮ್ಮ ಮನೆಗೆ ಬಂದರು. ಅವ್ವಗೆ ಓದು ಬರಹ ಇರಲಿಲ್ಲ. ರಾಮದುರ್ಗದ ಮದುವೆ, ತೊಟ್ಟಿಲು, ಸಾವು, ಎಲ್ಲದಕ್ಕೂ ಅವ್ವ ಹೇಳುವುದು, ವೈನಿ ಬರೆಯುವುದು. ಅವ್ವ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಹೇಳುತ್ತಿದ್ದಳು, ವೈನಿ ತೊಡೆ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದರು, ಆಮೇಲೆ ಒಮ್ಮೆ ಓದಿ ತೋರಿಸುತ್ತಿದ್ದರು. ಅವ್ವ ಒಂದು ಶಬ್ದ ಹೆಚ್ಚಾಗಿದ್ದರೂ ಹಿಡಿಯುತ್ತಿದ್ದಳು. "ನಾ 'ಬಾಳ' ಅಂದಿಲ್ಲ. ತಗಿ ಅದನ್ನ."

ಗ್ವಾನಾಹ್ವಾತೊದಲ್ಲಿ ನಾನು ಇಳಿದದ್ದು ಒಬ್ಬ ವಿಧವೆಯ ಮನೆಯ ಮಾಳಿಗೆ ಮೇಲಿನ ರೂಮಿನಲ್ಲಿ. ಮೊದಲನೇ ಮುಂಜಾನೆ ಎಚ್ಚರಾದಾಗ ಕೆಳಗಿಂದ ಪಟ್ ಪಟ್ ಪಟ್ ಅಂತ ಕೈಯಲ್ಲಿ ರೊಟ್ಟಿ ಬಡಿಯುವ ಸದ್ದು. ಕಣ್ಣು ತೆರೆಯದೇ "ಅವ್ವಾ, ಚಹಾ" ಅಂದುಬಿಟ್ಟೆ. ನಮ್ಮದು ಜೋಳ, ಅವರದು ಗೋವಿನಜೋಳ. ಸದ್ದು ಮಾತ್ರ ಒಂದೇ. ಮಗ್ಗಲ ಮಂಚದಿಂದ ಮಾರ್ತಾ ಅನ್ನುವ ಹುಡುಗಿ ಎದ್ದು ಕೂತು ನನ್ನನ್ನೇ ನೋಡುತ್ತಿದ್ದಳು. ಗಣಿಯ ಹಳ್ಳಿಯಿಂದ ಬಂದ ಲಾ ಸ್ಟೂಡೆಂಟು, ನನ್ನ ರೂಮ್‌ಮೇಟು. ಮೂಗು ಮುಖ ಬಣ್ಣ ಎಲ್ಲ ನಮ್ಮ ದೊಡವಾಡದ ಹುಡುಗಿಯ ಹಾಗೆ. ಸೀರೆ ಉಡಿಸಿ ಬೈಲಹೊಂಗಲದ ಸಂತೆಯಲ್ಲಿ ನಿಲ್ಲಿಸಿದ್ದರೆ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ಆ ಊರನ್ನು ಹ್ಯಾಗೆ ಹೇಳಲಿ! ಎರಡು ಗುಡ್ಡದ ನಡುವಿನ ಸೀಳಿನಲ್ಲಿ ಹಳದಿ, ಕೆಂಪು, ನೀಲಿ ಮನೆಗಳು ಒಂದರ ಹೆಗಲ ಮೇಲೆ ಒಂದು ಕೂತ ಊರು. ಹಿಂದೆ ಹೊಳೆ ಹರಿಯುತ್ತಿದ್ದ ಸುರಂಗದಲ್ಲಿ ಈಗ ಮೋಟಾರು ಓಡುತ್ತಿದ್ದವು. ನೆಲದ ಮೇಲೊಂದು ಊರು, ಕೆಳಗೊಂದು. ಯೂನಿವರ್ಸಿಟಿಗೆ ಬಿಳೀ ಕಲ್ಲಿನ ದೊಡ್ಡ ಮೆಟ್ಟಿಲು. ನಾನು ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು, ಅರ್ಧಕ್ಕೆ ನಿಂತು ಏದುಸಿರು ಬಿಟ್ಟು, ಪುಸ್ತಕ ನೋಡುವವಳಂತೆ ನಟಿಸಿ, ಮತ್ತೆ ಹತ್ತುತ್ತಿದ್ದೆ. ನಮ್ಮ ರಾಮದುರ್ಗದ ಗುಡ್ಡದ ಮೇಲೆ ಕುರಿ ಸಹಿತ ಮೂಸದ ಪಾಪಸ್‌ಕಳ್ಳಿಯನ್ನು ಅಲ್ಲಿ ಮುಳ್ಳು ಹೆರೆದು ಪಲ್ಯ ಮಾಡುತ್ತಿದ್ದರು. ನಾನು ಬಲು ಇಷ್ಟಪಟ್ಟು ತಿನ್ನುತ್ತಿದ್ದದ್ದು ಮಾತ್ರ ಕರೀ ಅವರೆಯಂಥ ಕಾಳಿನ ಸಾರು. ಎರಡು ತಿಂಗಳ ಮೇಲೆ ಮಾರ್ತಾ ಆಕಳಿಸುತ್ತ ಹೇಳಿದಳು: ಅದರ ಒಗ್ಗರಣೆ ಹಂದಿಯ ಕೊಬ್ಬಿನದು ಅಂತ. ಲಿಂಗ ಕಟ್ಟಿದ ಮನೆಯ ಮಗಳು ನಾನು! ಆ ಸಂಜೆ ಊಟ ಬಿಟ್ಟೆ. ಮರುದಿನ ಹಸಿವಾಯಿತು.

ಇದನ್ನೆಲ್ಲ ನಾನು ಮನೆಗೆ ಬರೆಯಲಿಲ್ಲ. ಬರೆದದ್ದೇನು ಗೊತ್ತೇ? "ಕೈಯಾರೆ ಅಡಿಗೆ ಮಾಡಿಕೊಳ್ಳುತ್ತೇನೆ." ಸಂಜೆ ಕರೀ ಮಖಮಲ್ಲಿನ ನಿಲುವಂಗಿ ಹಾಕಿ, ಭುಜಕ್ಕೆ ಬಣ್ಣದ ರಿಬ್ಬನ್ನು ಇಳಿಬಿಟ್ಟು, ಗಿಟಾರು ಬಾರಿಸುತ್ತ ಓಣಿ ಓಣಿ ತಿರುಗುವ ಹುಡುಗರ ಮೇಳದ ಹಿಂದೆ ನಾವೆಲ್ಲ ಹೋಗುತ್ತಿದ್ದೆವು. ಅವರು ಹಾಡುತ್ತಿದ್ದದ್ದು ಪೂರಾ ಪ್ರೇಮಗೀತೆ. ಮನೆಗೆ ಬರೆಯುವಾಗ ನಾನು ಅದನ್ನು "ಇಲ್ಲಿಯೂ ಭಜನಾ ಮಂಡಳಿ ಇದೆ" ಅಂತ ಮಾಡಿದೆ. ಸುಳ್ಳು ಬರೆಯುವುದನ್ನು ನಮ್ಮ ಮನೆಯಲ್ಲಿ ಶುರು ಮಾಡಿದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅವ್ವನ ಮೊದಲ ಪತ್ರ ಮೂರು ವಾರ ಹಾರಿ ಬಂತು. ನೀಲಿ ಏರೋಗ್ರಾಮು, ವೈನಿಯ ದುಂಡಗಿನ ಅಕ್ಷರ.

"ಶ್ರೀ. ಚಿ. ನೀಲಾಗೆ ಅವ್ವನ ಆಶೀರ್ವಾದ. ಇತ್ತ ಎಲ್ಲರೂ ಕ್ಷೇಮ. ಅತ್ತ ನಿನ್ನ ಕ್ಷೇಮಕ್ಕ ಬರಿ. ಎಮ್ಮಿ ಈದೈತಿ, ಹೆಣ್ಣಗರು. ಮಳಿ ಇಲ್ಲ. ರಾಮದುರ್ಗದಾಗ ನನ್ನ ತಮ್ಮನ ಮಗಗ ಬ್ಯಾರೆ ಕನ್ಯಾ ಗೊತ್ತಾತು. ಉಳಕಿ ಎಲ್ಲಾ ಕ್ಷೇಮ. ಇಂತಿ ಅವ್ವ. ಬರದಾಕಿ ಗಂಗಾ."

ಅಷ್ಟೇ. ಸಮುದ್ರ ದಾಟಿ ಬಂದದ್ದು ಒಂದು ಎಮ್ಮೆ, ಮತ್ತು ಒಂದು ಚುಚ್ಚು. ಎರಡನೆಯದೂ ಹಂಗೇ. ಇತ್ತ ಕ್ಷೇಮ, ಅತ್ತ ಕ್ಷೇಮ, ನಡುವೆ ಹತ್ತಿಯ ಧಾರಣೆ.

ಈಗ ನನ್ನ ಕಾನ್ವೆಂಟ್ ಬುದ್ಧಿ ಕೇಳಿರಿ. ನಮಗೆ ವಾರಕ್ಕೊಂದು ಲೆಟರ್ ರೈಟಿಂಗ್ ಪೀರಿಯಡ್ಡು ಇತ್ತು. ಪತ್ರ ಅಂದರೆ ಮನಸ್ಸು ಬಿಚ್ಚುವುದು, ಸ್ಟಾಕ್ ಫ್ರೇಜ್ ಬಳಸಿದರೆ ಮಾರ್ಕ್ಸ್ ಕಟ್. ನಾನು ಅಲ್ಲಿಯ ಮೆಟ್ಟಿಲ ಮೇಲೆ ಕೂತು ಅವ್ವಗೆ ಪಾಠ ಮಾಡಿದೆ. "ಈ ಕ್ಷೇಮ ಕ್ಷೇಮ ಅಂತ ಪ್ರತಿ ಪತ್ರದಲ್ಲಿ ಬರೆಸಬೇಡ. ಅದು ಅಂಗಡಿ ಪತ್ರದ ಹಾಗೆ ಕಾಣುತ್ತದೆ. ನಿನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳು. ನಾನು ಬಂದದ್ದು ನಿನಗೆ ಒಪ್ಪಿಗೆಯೋ ಅಲ್ಲವೋ, ಅದನ್ನಾದರೂ ಹೇಳು. ಇನ್ನೊಮ್ಮೆ ಬರೇ ಕ್ಷೇಮ ಅಂತ ಬಂದರೆ ನಾನು ಉತ್ತರ ಬರೆಯುವುದಿಲ್ಲ." ಓದಿ ಹೇಳುವವರು ವೈನಿ, ಕೇಳುವಾಕಿ ಅವ್ವ. ಅಡಿಗೆಮನೆಯಲ್ಲಿ ಅದು ಹ್ಯಾಗೆ ಕೇಳಿಸಿರಬೇಕು ಅಂತ ಒಂದು ಕ್ಷಣವೂ ಯೋಚಿಸಲಿಲ್ಲ. ಸ್ಟೈಲ್ ಚಲೋ ಬಂದಿದೆ ಅಂತ ಎರಡು ಸಲ ಓದಿ ಅಂಟಿಸಿದೆ.

ಉತ್ತರ ಬಂತು. "ಇತ್ತ ಎಲ್ಲರೂ ಕ್ಷೇಮ" ಅಂತಲೇ ಶುರು. ಅವ್ವ ಅವ್ವನೇ. "ಕರ ಮೇವ ತಿನ್ನಾಕ ಹತ್ತೇತಿ. ಕಡ್ಲಿ ಬಿತ್ಯಾರ. ನನಗ ಹೊಟ್ಟಿಬ್ಯಾನಿ ಐತಿ, ಪುಡಿ ಕೊಟ್ಟಾರ. ಗ್ವಾಡಿಗೆ ಸುಣ್ಣಾ ಹಚ್ಚಿಸಿದಿವಿ." ನಾನು ಅವ್ವನ ಪತ್ರಗಳನ್ನು ಮಾರ್ತಾಗೆ ಸ್ಪ್ಯಾನಿಶ್‌ನಲ್ಲಿ ಓದಿ ಹೇಳುತ್ತಿದ್ದೆ, ನನಗೆ ಪ್ರ್ಯಾಕ್ಟೀಸು ಆಗಲಿ ಅಂತ. ಕರು, ಕಡಲೆ, ಹೊಟ್ಟೆಬೇನೆ, ಸುಣ್ಣ. ಇದನ್ನು ಒಂದೇ ಉಸಿರಿನಲ್ಲಿ ಲಿಸ್ಟಿನ ಹಾಗೆ ಓದಿ ನಾನು ನಕ್ಕೆ. ಮಾರ್ತಾ ನಗಲಿಲ್ಲ. "ಹೊಟ್ಟೆಬೇನೆಯ ಬಗ್ಗೆ ಕೇಳಿ ಬರೆ" ಅಂದಳು. ಹೇಳಿದ ಮಾತಿನಂತೆ ನಾನು ಆ ಪತ್ರಕ್ಕೆ ಉತ್ತರವನ್ನೇ ಬರೆಯಲಿಲ್ಲ.

ಆಮೇಲೆ ಎರಡು ತಿಂಗಳು ಏನೂ ಇಲ್ಲ. ನನಗೆ ಒಳಗೊಳಗೇ ಅಂಜಿಕೆ, ಮೇಲೆ ಹಟ. ಫೆಬ್ರುವರಿಯ ಕೊನೆಗೆ ಏರೋಗ್ರಾಮು ಬಂತು. ಒಡೆದು ನೋಡಿದರೆ ಅದರಲ್ಲಿ ಕ್ಷೇಮ ಇರಲಿಲ್ಲ. ಶ್ರೀ ಇತ್ತು, ಆಶೀರ್ವಾದ ಇತ್ತು, ಕ್ಷೇಮ ಇಲ್ಲ! ಎಮ್ಮೆಯೂ ಇಲ್ಲ.

"ನೀಲಾ, ನೀ ಸಣ್ಣಾಕಿದ್ದಾಗ ಸವದತ್ತಿ ಗುಡ್ಡಕ್ಕ ಹೋಗಿದ್ವಿ. ಮಟಮಟ ಮಧ್ಯಾಹ್ನ. ಚಪ್ಪಲಿ ಕಳಕೊಂಡಿದ್ದಿ. ಬಂಡಿಗಲ್ಲ ಕಾದು ಹಂಚಾಗಿತ್ತು, ಎತ್ತಿಕೊಳ್ಳಬೇಕಂದ್ರ ನನ್ನ ಬಗಲಾಗ ಬುತ್ತಿ ಗಂಟ ಇತ್ತು. ನಿನ್ನ ನನ್ನ ಪಾದದ ಮ್ಯಾಲ ನಿಂದರಿಸಿಕೊಂಡು ಗುಡ್ಡ ಇಳಿಸಿದೆ. ಮೂರ ದಿನ ನನ್ನ ಕಾಲ ಊರಾಕ ಬರಲಿಲ್ಲ. ನಿನಗ ಹೇಳಿದ್ದಿಲ್ಲ."

ನಾನು ರೂಮಿನ ತುಂಬ ಕುಣಿದೆ. ನಿಜವಾಗಿ ಕುಣಿದೆ. ನನ್ನ ಪಾಠ ಹತ್ತಿತು, ಅವ್ವ ಕಲಿತಳು ಅಂತ! ಮುಂದಿನ ಪತ್ರದಲ್ಲಿ ನನ್ನನ್ನು ಬೆಳಗಾವಿಯ ಕಾನ್ವೆಂಟಿಗೆ ಬಿಟ್ಟ ದಿನದ ಸುದ್ದಿ. ಗೇಟಿನೊಳಗೆ ನನ್ನನ್ನು ದಾಟಿಸಿ ಅವಳು ಬಸ್‌ಸ್ಟ್ಯಾಂಡಿನಲ್ಲಿ ಸಂಜೆತನಕ ಕೂತಿದ್ದಳಂತೆ. ನಾನು ಅತ್ತು ಹೊರಗೆ ಓಡಿ ಬಂದೇನು ಅಂತ, ಎರಡು ಬಸ್ಸು ಬಿಟ್ಟಳಂತೆ. ಅದರ ಮುಂದಿನದರಲ್ಲಿ, ಅವ್ವ ತಾನು ಸಣ್ಣಾಕಿದ್ದಾಗ ರಾಮದುರ್ಗದ ಸಾಲಿಯಲ್ಲಿ ಎಂಟು ದಿನ ಕೂತಿದ್ದಳಂತೆ, ಅವಳ ಅಪ್ಪ ಬಂದು ಎಬ್ಬಿಸಿಕೊಂಡು ಹೋದನಂತೆ, 'ಅ' ಒಂದು ಇನ್ನೂ ತಿದ್ದಲಿಕ್ಕೆ ಬರುತ್ತದಂತೆ. ಇಪ್ಪತ್ತೆರಡು ವರ್ಷ ಅವ್ವನ ಜೊತೆ ಬದುಕಿ ನಾನು ಇದ್ಯಾವುದನ್ನೂ ಕೇಳಿರಲಿಲ್ಲ. ನಾನೂ ಬದಲಾದೆ. ವಾರಕ್ಕೊಂದು ಬರೆಯತೊಡಗಿದೆ. ಹಂದಿ ಕೊಬ್ಬಿನ ಸಂಗತಿ ಬರೆದೆ. ಭಜನಾ ಮಂಡಳಿಯ ಖರೇ ಸುದ್ದಿ ಬರೆದೆ. ನಿನ್ನ ಮಾತು ಮುರಿದು ಬಂದೆ, ತಪ್ಪಾಯಿತು, ಆದರೆ ಇಲ್ಲಿ ನಾನು ಸಂತೋಷವಾಗಿದ್ದೇನೆ, ಅಂತ ಬರೆದೆ.

ಮೇ ತಿಂಗಳಲ್ಲಿ ಬಂದ ಪತ್ರ ಎಲ್ಲಕ್ಕಿಂತ ಸಣ್ಣದು. "ನೀಲಾ, ನೀ ಹೋಗಿದ್ದು ಚಲೋ ಆತು. ಈ ಮನಿಯಿಂದ ಒಬ್ಬಾಕಿಯರ ಹೋಗಬೇಕಿತ್ತು. ಪರೀಕ್ಷಾ ಮುಗಿಸಿಕೊಂಡ ಬಾ."

ಯಾವ ಒಂದು ಮಾತಿಗಾಗಿ ವರ್ಷಪೂರ್ತಿ ಕಾದಿದ್ದೆನೋ, ಅದು ಬಂತು. ಮಾರ್ತಾಗೆ ಓದಿ ಹೇಳಿದೆ. ಅವಳು ಏರೋಗ್ರಾಮು ಕೈಗೆ ತಗೊಂಡು, ತಿಳಿಯದ ಆ ಅಕ್ಷರಗಳನ್ನು ಹೊರಳಿಸಿ ಹೊರಳಿಸಿ ನೋಡಿದಳು.

"ಇದು ನಿನ್ನ ಅಮ್ಮನ ಕೈಬರಹವೇ?"

"ಅಲ್ಲ, ಅತ್ತಿಗೆಯದು. ಅಮ್ಮ ಹೇಳುತ್ತಾರೆ, ಅವರು ಬರೆಯುತ್ತಾರೆ."

"ಹಾಗಾದರೆ ಇದು ನಿನ್ನ ಅಮ್ಮನೇ ಅಂತ ಹೇಗೆ ಗೊತ್ತು?"

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮನೆಯ ಕತೆ ನನಗೆ ಗೊತ್ತಿತ್ತು. ಅವಳ ಅಣ್ಣ ರಾಜಧಾನಿಯಲ್ಲಿ ಓದುತ್ತಿದ್ದ. ಹುಡುಗರು ಗೋಡೆ ಮೇಲೆ ಬರೆದು, ಮೆರವಣಿಗೆ ತೆಗೆದು, ಒಬ್ಬೊಬ್ಬರಾಗಿ ಕಾಣದೆ ಹೋಗುತ್ತಿದ್ದ ಕಾಲ ಅದು. ಅವನೂ ಕಾಣದೆ ಹೋದ. ಆಮೇಲೊಂದು ದಿನ ಅವನ ಹೆಸರಿನಲ್ಲಿ ಟೈಪ್ ಮಾಡಿದ ಪತ್ರ ಬಂತಂತೆ: ನಾನು ಆರಾಮ ಇದ್ದೇನೆ, ಕೆಲಸಕ್ಕೆ ಉತ್ತರದ ಕಡೆ ಹೋಗಿದ್ದೇನೆ, ಹುಡುಕಬೇಡಿ. ಅವರ ಅಮ್ಮ ನಂಬಿದಳು. ಸಂತೆಯಲ್ಲಿ ರೊಟ್ಟಿ ಮಾರುವ ಬುಟ್ಟಿಯ ತಳದಲ್ಲಿ ಆ ಪತ್ರ ಇಟ್ಟುಕೊಂಡೇ ತಿರುಗುತ್ತಿದ್ದಳು. ಮಾರ್ತಾ ನಂಬಲಿಲ್ಲ. ಅವಳು ಲಾ ಓದಲು ಬಂದದ್ದೇ ಅದಕ್ಕೆ.

"ನಿಮ್ಮನೆಯ ದುಃಖವನ್ನು ನಮ್ಮನೆಗೆ ತರಬೇಡ" ಅಂದೆ ನಾನು. ನನ್ನ ಸ್ಪ್ಯಾನಿಶ್ ಅಷ್ಟೊತ್ತಿಗೆ ಅಂಥ ಮಾತಾಡುವಷ್ಟು ಚಲೋ ಆಗಿತ್ತು. ಅವಳು ಪತ್ರ ಮಡಚಿ ನನ್ನ ದಿಂಬಿನ ಮೇಲೆ ಇಟ್ಟಳು. ಒಂದು ವಾರ ನಮ್ಮ ನಡುವೆ ಮಾತಿಲ್ಲ. ಆಮೇಲೆ ಮಾತಾಡಿದೆವು, ಆದರೆ ಪತ್ರ ಓದಿ ಹೇಳುವುದನ್ನು ನಾನು ಬಿಟ್ಟೆ. ಹೊರಡುವ ದಿನ ಅವಳು ನನ್ನನ್ನು ಬಸ್ಸಿಗೆ ಹತ್ತಿಸಿ, ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

ಬೆಳಗಾವಿ ಸ್ಟೇಶನ್ನಿಗೆ ಅಣ್ಣ ಬಂದಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಸಿದ, ಕಿಟಕಿ ಸೀಟು ಹಿಡಿದು ಕೊಟ್ಟ. ಜುಲೈ ತಿಂಗಳ ಎರೆಹೊಲ ಕಪ್ಪಗೆ ಮಿಂಚುತ್ತಿತ್ತು. ನಾನು ಒಂದೇ ಸವನೆ ಮಾತಾಡುತ್ತಿದ್ದೆ: ಸುರಂಗ, ಮೆಟ್ಟಿಲು, ಪಾಪಸ್‌ಕಳ್ಳಿ ಪಲ್ಯ, ಅವ್ವಗೆ ಅಂತ ತಂದ ಕಂದು ಬಣ್ಣದ ಶಾಲು. ಅಣ್ಣ ಹೂಂ ಹೂಂ ಅನ್ನುತ್ತಿದ್ದ. "ಸಂಪಗಾಂವ ಇಳ್ಯಾವ್ರ ಮುಂದ ಬರ್ರಿ!" ಅಂತ ಕಂಡಕ್ಟರ್ ಒದರಿದ. ಮುಂದಿನ ಸ್ಟಾಪು ನಮ್ಮೂರು. ಅಣ್ಣಗೆ ಇನ್ನು ಟೈಮ್ ಉಳಿದಿರಲಿಲ್ಲ.

"ನೀಲಾ, ಅವ್ವ ಇಲ್ಲವಾ."

"ರಾಮದುರ್ಗಕ್ಕ ಹೋಗ್ಯಾಳೇನು? ನಾ ಬರೂ ದಿನಾನ ಹೋಗಬೇಕಾ ಆಕಿ?"

"ಅಲ್ಲ. ತೀರಿಕೊಂಡ್ಲು. ಸಂಕ್ರಾಂತಿ ಮುಂದ."

ನಾನು ನಕ್ಕೆ. ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಆದರೆ ನಕ್ಕೆ. "ಏನ ಹುಚ್ಚರಂಗ ಮಾತಾಡ್ತಿ ಅಣ್ಣಾ? ಮೊನ್ನಿ ಮೇದಾಗ ಆಕಿ ಪತ್ರ ಬಂದೈತಿ. ಬ್ಯಾಗಿನಾಗ ಐತಿ, ತೋರಸ್ಲೇನು?"

ಅಣ್ಣ ಕಿಟಕಿಯ ಹೊರಗೆ ನೋಡುತ್ತ ಅಂದ, "ಪತ್ರಾ ಆಕಿ ಯಾವಾಗ ಬರದಿದ್ಲವಾ?"

ಎದುರು ಸೀಟಿನಲ್ಲಿ ಬದನೆಕಾಯಿ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ನನ್ನ ಮುಖ ನೋಡಿ, ತನ್ನ ಬುಟ್ಟಿಯನ್ನು ಸುಮ್ಮನೆ ಒಂದು ಗೇಣು ಹಿಂದಕ್ಕೆ ಸರಿಸಿಕೊಂಡಳು, ನಾನು ಬಿದ್ದರೆ ತಾಗದ ಹಾಗೆ.

ಪರೀಕ್ಷೆ ಮುಗಿಯುವ ತನಕ ಹೇಳಬಾರದು ಅಂತ ಅಣ್ಣನ ತೀರ್ಮಾನ. "ತಂತಿ ಕೊಟ್ಟಿದ್ರ ನೀ ಬರೂದ್ರಾಗ ಮಣ್ಣ ಆಗಿ ವಾರ ಆಗಿರತಿತ್ತು. ಅತ್ತ ಓದೂ ಇಲ್ಲ, ಇತ್ತ ಅವ್ವನೂ ಇಲ್ಲ" ಅಂದ. ಅವನು ಕೆಟ್ಟವನಲ್ಲ. ಅವನಿಗೆ ಗೊತ್ತಿದ್ದ ಲೆಕ್ಕ ಅಷ್ಟೇ. ಈಗ ಅವನೂ ಇಲ್ಲ, ಅವನ ಮೇಲೆ ಸಿಟ್ಟು ಮಾಡಲಿಕ್ಕೆ.

ಮನೆಯ ಪಡಸಾಲೆಯಲ್ಲಿ ಅವ್ವನ ಫೋಟೋ ಇತ್ತು. ಗಾಜಿನ ಮೇಲೆ ಹಣೆಯ ಜಾಗದಲ್ಲಿ ಮೂರು ಬೆರಳು ವಿಭೂತಿ. ಅದರ ಮುಂದೆ ಅಳುವುದಕ್ಕೆ ಬಂದ ಓಣಿಯ ಹೆಂಗಸರೆಲ್ಲ ಮಧ್ಯಾಹ್ನ ಮನೆಗೆ ಹೋದರು. ಅವರಿಗೆ ಅದು ಆರು ತಿಂಗಳ ಹಳೇ ಸಾವು. ನನಗೊಬ್ಬಳಿಗೇ ಅದು ಆವತ್ತಿನದು. ಅಣ್ಣ ಅಂಗಡಿಗೆ ಹೋದ. ವೈನಿ ಅಡಿಗೆಮನೆಯಲ್ಲಿ ನನಗೆ ತಾಟು ಹಾಕಿ ಎದುರು ಕೂತರು. ನನಗೆ ಅವರ ಕೊರಳು ಹಿಸುಕುವಷ್ಟು ಸಿಟ್ಟು. ಬ್ಯಾಗಿನಿಂದ ಫೆಬ್ರುವರಿಯ ಮೇಲೆ ಬಂದ ನಾಲ್ಕೂ ಏರೋಗ್ರಾಮು ತೆಗೆದು ತಾಟಿನ ಮಗ್ಗಲಿಗೆ ಇಟ್ಟೆ.

"ಹೆಂಗರ ಬರದ್ರಿ ವೈನಿ? ಸತ್ತಾಕಿ ಹೆಸರಲೆ?"

ವೈನಿ ಪತ್ರಗಳ ಕಡೆ ನೋಡಲಿಲ್ಲ. "ನಿಮ್ಮಣ್ಣ ಹೇಳಿದ್ರು, ಸದ್ಯೇಕ ಏನರ ಬರಿ ಅಂತ. ಎಲ್ಲಾ ಬರದೆ ತಂಗಿ, 'ಎಲ್ಲರೂ ಕ್ಷೇಮ' ಅಂತಷ್ಟ ಬರಿಯೂದು ಆಗಲಿಲ್ಲ. ನೀ ಅದನ್ನ ನೋಡಿ ಕೇಳತಿ ಅಂತ ಅಂಜಿದ್ದೆ. 'ವೈನಿ, ಕ್ಷೇಮ ಯಾಕ ಬರದಿಲ್ಲ?' ಅಂತ. ಕೇಳಿದ್ರ ಹೇಳಿಬಿಡಬೇಕು ಅನ್ಕೊಂಡಿದ್ದೆ. ನೀ ಕೇಳಲಿಲ್ಲ."

ನಾನು ಕೇಳಲಿಲ್ಲ. ನಾನು ಕುಣಿದಿದ್ದೆ.

"ಹೊಟ್ಟಿಬ್ಯಾನಿ ಅಂತ ಬರದಿದ್ರಿ..."

"ಹೂಂ. ಹುಬ್ಬಳ್ಳಿಗೆ ಒಯ್ಯೂದ್ರಾಗ ಕೈ ಮೀರಿತ್ತು. ಗಡ್ಡಿ ಆಗಿತ್ತಂತ."

"ನನ್ನ ನೆನಸಿದ್ಲೇನು?"

ವೈನಿ ಎದ್ದು ಒಲೆಯ ಬೆಂಕಿ ಸರಿಮಾಡಿದರು. ಮಾಡುವಂಥದ್ದೇನೂ ಇರಲಿಲ್ಲ ಅದರಲ್ಲಿ. ತಿರುಗದೇ ಅಂದರು, "ಡಿಸೆಂಬರದಾಗ ಒಂದ ಪತ್ರ ಬರಸಿದ್ರು. ಒಂದ ಮಾತಿಂದು. 'ನೀಲಾ, ಬಾ' ಅಂತ. 'ಕ್ಷೇಮ ಬರೀಲೇನ್ರಿ ಅತ್ತಿ' ಅಂದೆ. 'ಬ್ಯಾಡ, ಆಕಿಗೆ ಅದು ಸೇರೂದಿಲ್ಲ' ಅಂದ್ರು. ನಾ ಬರದು ನಿಮ್ಮಣ್ಣನ ಕೈಯಾಗ ಕೊಟ್ಟೆ, ಅಂಚಿಗೆ ಹಾಕ್ರಿ ಅಂತ. ಅವ್ರು ಹಾಕಲಿಲ್ಲ. ಅತ್ತಿ ದಿನಾ ಕೇಳೋರು, 'ಗಂಗಾ, ಮುಟ್ಟಿರಬೇಕಲ್ಲಾ? ಹೊಂಟಿರಬೇಕಲ್ಲಾ?' ನಾ ಹೂಂ ಅಂತಿದ್ದೆ."

ಅನ್ನ ತಾಟಿನಲ್ಲಿ ಆರಿತು. ಹಿತ್ತಲಲ್ಲಿ ಎಮ್ಮೆ ಕಟ್ಟಿದ ಹಗ್ಗ ಜಗ್ಗುತ್ತಿತ್ತು. ತಾಟು ಬದಿಗೆ ಸರಿಸಿ ಕೇಳಿದೆ:

"ಹಂಗಾರ ಸವದತ್ತಿ ಗುಡ್ಡದ್ದು? ಬೆಳಗಾವಿ ಬಸ್‌ಸ್ಟ್ಯಾಂಡಿಂದು? ಅವೆಲ್ಲಾ ನೀವ ಹುಟ್ಟಿಸಿದ್ದೇನು?"

"ಇಲ್ಲ ತಂಗಿ, ದೇವರಾಣಿ. ಅವು ಅತ್ತಿಯವರ ಮಾತು. ಬ್ಯಾನಿ ತಡಕೊಳ್ಳಾಕ ಆಗದಾಗ ಕಣ್ಣ ಮುಚ್ಚಿ ಹೇಳತಿದ್ರು. ಗುಡ್ಡದ್ದ ಒಂದು, ಬಸ್‌ಸ್ಟ್ಯಾಂಡಿಂದ ಒಂದು, ರಾಮದುರ್ಗದ ಸಾಲಿದೊಂದು. ನೀ ಬರತಿ, ಬಂದ ಮ್ಯಾಲ ನೀನ ಕೇಳ್ತಿ ಅನ್ಕೊಂಡು ನಾ ಅರ್ಧಾ ಕೇಳಿದೆ, ಅರ್ಧಾ ಬಿಟ್ಟೆ. ನೆನಪಿದ್ದದ್ದು ಆ ಮೂರ. ಒಂದೊಂದ ಪತ್ರಕ್ಕ ಒಂದೊಂದ ಹಾಕಿದೆ. ನಾಕನೇದಕ್ಕ ಕುಂತಾಗ ನನ್ನ ಹಂತ್ಯಾಕ ಅವರ ಮಾತ ಯಾವೂ ಉಳದಿದ್ದಿಲ್ಲ."

ನಾಲ್ಕನೆಯದು, 'ನೀ ಹೋಗಿದ್ದು ಚಲೋ ಆತು' ಅಂತ ಬಂದದ್ದು, ಎಲ್ಲಕ್ಕಿಂತ ಮೇಲೆ ಇತ್ತು. ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ನಡುವೆ ಸೀಳಿತ್ತು. ನಾನು ಅದನ್ನು ವೈನಿಯ ಕಡೆ ಸರಿಸಿದೆ. ಈ ಸಲ ಅವರು ನೋಡಿದರು. ತಮ್ಮದೇ ದುಂಡಗಿನ ಅಕ್ಷರವನ್ನು, ಇನ್ನೊಬ್ಬರು ಬರೆದದ್ದನ್ನು ಓದುವವರ ಹಾಗೆ, ತುಟಿ ಅಲುಗಿಸುತ್ತ ಮೊದಲಿನಿಂದ ಕೊನೆಯ ತನಕ ಓದಿದರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡರು.

"ಇದು ನಾ ಅಂದದ್ದು, ತಂಗಿ."